ಹೊಗೆ ನಿಂತ ಗುರುವಾರ

ಶಿವರಾತ್ರಿಗೆ ಇನ್ನೂ ಹದಿನೆಂಟು ದಿನ ಇತ್ತು. ಬೆಳಗಿನ ಆರೂವರೆ ಇರಬಹುದು, ಚಳಿ ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದ ಹೊತ್ತು. ನಾನು ಮುಖ ತೊಳೆದು ಚೊಂಬಿನಲ್ಲಿ ಉಳಿದ ನೀರನ್ನು ಬೀದಿಗೆ ಚೆಲ್ಲಿ ತಲೆ ಎತ್ತಿದೆ. ಎದುರಿನ ಉದ್ದನೆ ಮನೆಯ ನಾಲ್ಕನೇ ಅಂತಸ್ತಿನ ಹತ್ತಿರ, ಗೋಡೆಗೆ ಅಂಟಿಕೊಂಡ ಹಾಗೆ, ಒಂದೆಳೆ ಹೊಗೆ ಕಂಡಿತು. ನೂಲಿನಷ್ಟು. ನೋಡುವ ಅಭ್ಯಾಸ ಇಲ್ಲದವರಿಗೆ ಕಾಣುತ್ತಿರಲಿಲ್ಲ.

ಆ ಕಟ್ಟಡಕ್ಕೆ ಬೋರ್ಡಿನ ಮೇಲೆ ಬೇರೆ ಹೆಸರಿತ್ತು. ನಾವೆಲ್ಲ ಉದ್ದನೆ ಮನೆ ಅನ್ನುತ್ತಿದ್ದೆವು. ಹನ್ನೆರಡು ಅಂತಸ್ತು, ಅಂತಸ್ತಿಗೆ ನಾಲ್ಕು ಮನೆ, ಒಟ್ಟು ನಲವತ್ತೆಂಟು ಒಲೆ. ನಮ್ಮೂರಲ್ಲಿ ಅಷ್ಟು ಎತ್ತರದ್ದು ಅದೊಂದೇ.

ನಮ್ಮೂರಲ್ಲಿ ಹೊಗೆ ಮೊದಲು ಬರುತ್ತದೆ, ಬೆಂಕಿ ಆಮೇಲೆ. ಬೇರೆ ಊರುಗಳಲ್ಲಿ ಎರಡೂ ಒಟ್ಟಿಗೆ ಬರುತ್ತವಂತೆ. ಅಲ್ಲಿಯ ಜನ ಹೇಗೆ ಬಾಳುತ್ತಾರೋ ನನಗೆ ತಿಳಿಯದು. ಇಲ್ಲಿ ನಾಳೆ ಬೆಳಗಿನ ಅಡುಗೆಯ ಹೊಗೆ ಇವತ್ತು ಸಂಜೆಗೇ ಅಡುಗೆಮನೆ ತುಂಬುತ್ತದೆ, ಹೆಂಗಸರು ಕಣ್ಣೊರೆಸಿಕೊಂಡು ನಾಳೆಗೆ ಸೌದೆ ಎಷ್ಟು ಬೇಕೆಂದು ಅಂದಾಜು ಮಾಡುತ್ತಾರೆ. ಬೀಡಿ ಸೇದುವವನು ಮೊದಲು ಕೆಮ್ಮಿ ಆಮೇಲೆ ಕಡ್ಡಿ ಗೀರುತ್ತಾನೆ. ಕೆಟ್ಟ ಬೆಂಕಿಯಾದರೂ ಅಷ್ಟೆ. ದನದ ಕೊಟ್ಟಿಗೆಯಾದರೆ ಎರಡು ದಿನ ಮುಂಚೆ, ಅಂಗಡಿಯಾದರೆ ವಾರ ಮುಂಚೆ. ಬೆಂಕಿ ದೊಡ್ಡದಾದಷ್ಟೂ ಹೊಗೆ ಬಹಳ ದಿನ ಬರುತ್ತದೆ. ಆ ಹೊಗೆ ಮುಟ್ಟಿದರೆ ತಣ್ಣಗಿರುತ್ತದೆ. ಹಾಗೆ ಹೊಗೆ ಕಂಡ ಮನೆಗೆ ಅಕ್ಕಪಕ್ಕದವರು ಒಂದೊಂದು ಕೊಡ ನೀರು ತಂದಿಟ್ಟು ಹೊಸ್ತಿಲಲ್ಲಿ ಕೂರುವುದು ಪದ್ಧತಿ. ಮನೆಯವರು ಸಾಮಾನೆಲ್ಲ ಹೊರಗೆ ಹಾಕಿ, ಸಡಿಲವಾದ ದೀಪದ ಕೊಂಡಿಯೋ, ಒಲೆ ಹತ್ತಿರದ ಹುಲ್ಲೋ, ಏನೆಂದು ಹುಡುಕಿ ಸರಿ ಮಾಡುತ್ತಾರೆ. ಹೊಗೆ ನಿಲ್ಲುತ್ತದೆ. ನಿಂತ ಮೇಲೆ ಆ ಮನೆಯವರು ಬೀದಿಗೆಲ್ಲ ಬೆಲ್ಲ ಹಂಚುತ್ತಾರೆ.

ಹೊಗೆಯ ವಾಸನೆ ನೋಡಿ ಮುಂದೆ ಸುಡುವುದು ಏನೆಂದು ಹೇಳುವುದು ನಮ್ಮ ಮನೆತನದ ಕೆಲಸ. ನಾನು ಕಾಳಿಂಗಯ್ಯ. ಶಾಲೆಗೆ ಮೂರು ತಿಂಗಳು ಹೋದೆ. ಹೆಸರು ಬರೆಯಲು ಕಲಿತ ದಿನ, ಇಷ್ಟು ಸಾಕು ಎಂದು ಅಪ್ಪ ಬಿಡಿಸಿದ. ಆಮೇಲೆ ಕಲಿತದ್ದೆಲ್ಲ ಮೂಗಿನಿಂದ, ಇಟ್ಟುಕೊಂಡದ್ದೆಲ್ಲ ನೆನಪಿನಲ್ಲಿ. ಊರಿನಲ್ಲಿ ಯಾವ ಮನೆಗೆ ಯಾವ ವರ್ಷ ಹೊಗೆ ಬಂತು, ಎಷ್ಟು ದಿನ ಇತ್ತು, ಕೇಳಿದರೆ ನಿಂತಲ್ಲೇ ಹೇಳುತ್ತಿದ್ದೆ. ಆ ಜಂಬ ನನಗಿತ್ತು.

ಅವತ್ತು ಉದ್ದನೆ ಮನೆಗೆ ಹೋದೆ. ಅಲ್ಲಿಯ ಸಂಘದ ಕಾರ್ಯದರ್ಶಿ ವಾಮನಮೂರ್ತಿ, ಕಾಲೇಜಿನ ಕಚೇರಿಯಲ್ಲಿ ದುಡಿದು ನಿವೃತ್ತಿಯಾದವರು. ನನ್ನನ್ನು ಮೆಟ್ಟಿಲಿನ ಹತ್ತಿರ ಕರೆದುಕೊಂಡು ಹೋದರು. ಆ ಕಟ್ಟಡಕ್ಕೆ ಎರಡು ಮೆಟ್ಟಿಲು. ಮುಂದಿನದು ಎಲ್ಲರೂ ಬಳಸುವುದು. ಹಿಂದಿನದರಲ್ಲಿ ಐದನೇ ಅಂತಸ್ತಿನಿಂದ ಕೆಳಕ್ಕೆ ಗಣಪತಿ ಹಬ್ಬದ ಪೆಂಡಾಲಿನ ಬಟ್ಟೆ, ಬಿದಿರು, ಥರ್ಮಾಕೋಲಿನ ಕಮಾನು ತುಂಬಿಟ್ಟಿದ್ದರು. ಪಕ್ಕದ ಗೂಡಿನಲ್ಲಿ ಇಡೀ ಕಟ್ಟಡದ ಕರೆಂಟು ವಯರು ಹೆಣೆದುಕೊಂಡು ಮೇಲಕ್ಕೆ ಹೋಗಿತ್ತು. ಹೊಗೆ ಅಲ್ಲಿಂದಲೇ ಬರುತ್ತಿತ್ತು.

ಮೂಗು ಹತ್ತಿರ ಇಟ್ಟು ನೋಡಿ ಹೇಳಿದೆ: “ಮೊದಲು ವಯರು. ಆಮೇಲೆ ಬಟ್ಟೆ. ಆಮೇಲೆ ಬಣ್ಣದ ವಾಸನೆ ಇದೆ, ಅಂದರೆ ಗೋಡೆ. ಸಣ್ಣದಲ್ಲ ಸ್ವಾಮಿ. ವಯರು ಪೂರ್ತಿ ಬದಲಾಯಿಸಬೇಕು, ಮೆಟ್ಟಿಲು ಖಾಲಿ ಮಾಡಬೇಕು.”

“ವಯರು ಪೂರ್ತಿ ಅಂದರೆ ನಲವತ್ತೆಂಟು ಮನೆಯವರನ್ನೂ ಒಪ್ಪಿಸಬೇಕು ಕಾಳಿಂಗಯ್ಯನವರೇ. ಇಲ್ಲಿ ಲಿಫ್ಟಿನಲ್ಲಿ ಕನ್ನಡಿ ಹಾಕಿಸೋಕೇ ಎರಡು ವರ್ಷ ಜಗಳ ಆಡಿದಾರೆ,” ಎಂದರು.

ಕಟ್ಟಿಸಿದವರಿಗೆ ಕಾಗದ ಬರೆದರು. ಕಟ್ಟಿಸಿದವರು ಕರೆಂಟು ಮಂಡಳಿಗೆ ಬರೆಯಿರಿ ಎಂದರು. ಮಂಡಳಿಯವರು, ಬೆಂಕಿ ಹತ್ತಿದ ತಾರೀಕು ಬರೆಯದೆ ಅರ್ಜಿ ಹೇಗೆ ತೆಗೆದುಕೊಳ್ಳುವುದು ಎಂದು ವಾಪಸು ಕಳಿಸಿದರು. ಹೊಗೆ ದಿನಕ್ಕೊಂದು ಎಳೆ ಹೆಚ್ಚಾಯಿತು. ಮೊದಮೊದಲು ಕೊಡ ತಂದಿಟ್ಟವರು ಇದ್ದರು. ಹನ್ನೆರಡು ಅಂತಸ್ತಿಗೆ ಕೊಡ ಹೊತ್ತು ಸೊಂಟ ಬಿದ್ದ ಮೇಲೆ ಯಾರೂ ಬರಲಿಲ್ಲ. ನಾಲ್ಕನೇ ಅಂತಸ್ತಿನವರು ಕಿಟಕಿಗೆ ದಪ್ಪ ಪರದೆ ಹಾಕಿದರು. ಹೊಗೆ ಹೊರಗೆ ದೂಡುವ ಫ್ಯಾನು ಬಂತು. ಬಾಡಿಗೆಗೆ ಮನೆ ನೋಡಲು ಬಂದವರಿಗೆ, ಇಲ್ಲಿ ಬೆಳಿಗ್ಗೆ ಮಂಜು ಜಾಸ್ತಿ ಎಂದು ಹೇಳುವುದನ್ನು ಸಣ್ಣ ಮಕ್ಕಳೂ ಕಲಿತರು. ಬಟ್ಟೆ ಒಣಗಿಸುವವರು ಅವತ್ತಿನ ಹೊಗೆ ಯಾವ ಕಡೆ ಬಾಗಿದೆ ನೋಡಿಕೊಂಡು ಹಗ್ಗ ಕಟ್ಟುತ್ತಿದ್ದರು. ಬೈಯುವವರು ನನ್ನನ್ನು ಬೈದರು. ಆ ಮುದುಕ ಮೂಸಿ ಹೋದ ಮೇಲೆ ಹೊಗೆ ಹೆಚ್ಚಾಯಿತು ಅಂತ.

ಒಂಬತ್ತನೇ ಅಂತಸ್ತಿನಲ್ಲಿ ರಮೀಜಾ ಇದ್ದಳು. ಬ್ಲೌಸು ಹೊಲಿಯುವವಳು, ಗಂಡ ತೀರಿ ಆರು ವರ್ಷ. ಜೊತೆಗೆ ಅವಳ ಮಾವ ಖಾದರ್ ಸಾಬರು, ನನ್ನ ಓರಗೆಯವರು. ಊರಿನ ನೀರಿನ ಪಂಪುಗಳನ್ನೆಲ್ಲ ನಲವತ್ತು ವರ್ಷ ಬಿಚ್ಚಿ ಜೋಡಿಸಿದ ಕೈ ಅದು. ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದರು. ಭಾರೀ ಆಳು. ಕೂರಲೂ ಆಗದವರನ್ನು ಆ ಕಿರಿದಾದ ಲಿಫ್ಟಿನಲ್ಲಿ ಇಳಿಸುವ ಹಾಗಿರಲಿಲ್ಲ. ಮೊದಲು ಮೇಲಕ್ಕೆ ತಂದಾಗಲೇ ಮಂಚದ ಸಮೇತ ನಾಲ್ಕು ಜನ ಮೆಟ್ಟಿಲಲ್ಲಿ ಹೊತ್ತಿದ್ದರು. ನಾನು ವಾರಕ್ಕೊಮ್ಮೆ ಮಾತಾಡಿಸಿ ಬರುತ್ತಿದ್ದೆ.

“ಬಾರಪ್ಪಾ ಹೊಗೆ. ಯಾರನ್ನ ಒಯ್ಯೋಕೆ ಬಂದೆ ಇವತ್ತು?” ಅನ್ನುತ್ತಿದ್ದರು.

“ನಿನ್ನ ಯಾರು ಹೊರ್ತಾರೆ ಸಾಬ್, ಒಂಬತ್ತು ಅಂತಸ್ತು!”

“ಅದೇ ನನ್ನ ಧೈರ್ಯ. ಸಾವೂ ಅಷ್ಟು ಮೆಟ್ಟಿಲು ಹತ್ತೋಕೆ ಯೋಚನೆ ಮಾಡತ್ತೆ.” ನಕ್ಕು, ಆಮೇಲೆ ಸಣ್ಣ ದನಿಯಲ್ಲಿ, “ಕಾಳಿಂಗಾ, ಬಾಗಿಲ ಹೊರಗೆ ಕೆಂಪು ಕೊಳವೆ ಇದೆ ನೋಡು, ಬೆಂಕಿಗೆ ಅಂತ ಹಾಕಿದ್ದು. ನನ್ನ ಮೇಲಕ್ಕೆ ತಂದ ದಿನ ಮಂಚದಿಂದಲೇ ಸ್ಪ್ಯಾನರಿನಲ್ಲಿ ತಟ್ಟಿ ನೋಡಿದೆ. ಅದರಲ್ಲಿ ನೀರಿಲ್ಲ. ನೀರಿರೋ ಕೊಳವೆ ಆ ಥರ ಕೂಗಲ್ಲ. ನಾನು ಹೇಳಿದರೆ ಮಂಚದ ಮೇಲಿನ ಮುದುಕನ ಮಾತು ಆಗತ್ತೆ. ನೀನು ಹೇಳು,” ಎಂದರು.

ಹೇಳಿದೆ. ವಾಮನಮೂರ್ತಿಗಳು ಬರೆದುಕೊಂಡರು. ಆ ಕೊಳವೆಗೆ ಯುಗಾದಿಗೆ ಹೊಸ ಬಣ್ಣ ಬಳಿಸಿದರು.

ಯುಗಾದಿ ಕಳೆದು ಎರಡನೇ ಗುರುವಾರ ಬೆಳಿಗ್ಗೆ ಹೊಗೆ ನಿಂತಿತು. ಕಡಿಮೆಯಾಗಿ ನಿಂತದ್ದಲ್ಲ, ನಲ್ಲಿ ತಿರುಗಿಸಿದ ಹಾಗೆ. ಎಂಟು ಗಂಟೆಗೆ ಉದ್ದನೆ ಮನೆಯ ಎಲ್ಲ ಕಿಟಕಿಗಳೂ ತೆರೆದುವು. ಹೆಂಗಸರು ಪರದೆ ಕಿತ್ತು ಕೊಡವಿದರು. ವಾಮನಮೂರ್ತಿಗಳು ತಮ್ಮ ಕೈಯಿಂದಲೇ ದುಡ್ಡು ಹಾಕಿ ಎರಡು ಬುಟ್ಟಿ ಬೆಲ್ಲ ತರಿಸಿದರು. ಹತ್ತು ಗಂಟೆಗೆ ಬೆಂಕಿ ಇಲಾಖೆಯ ಜಯದೇವ ಸಾಹೇಬರೂ ಜೀಪಿನಲ್ಲಿ ಬಂದರು. ಎರಡು ತಿಂಗಳು ಒಮ್ಮೆಯೂ ಬಾರದವರು ಅವತ್ತು ಬಂದರು.

ನನ್ನನ್ನು ಕರೆಸಿದರು. ನಾಲ್ಕನೇ ಅಂತಸ್ತಿನ ಗೂಡಿಗೆ ಮೂಗಿಟ್ಟೆ. ಸುಣ್ಣದ ವಾಸನೆ, ಧೂಳಿನ ವಾಸನೆ. ಮತ್ತೇನೂ ಇಲ್ಲ.

“ಹೊಗೆ ಇದೆಯಾ ಅಜ್ಜಾರೆ?”

“ಇಲ್ಲ ಸ್ವಾಮಿ.”

“ಇಲ್ಲಿ ಹೆಸರು ಬರೀರಿ.”

ಬರೆದೆ. ಕಾ, ಳಿಂ, ಗ, ಯ್ಯ. ಸಾಹೇಬರು, ಅಕ್ಷರ ದುಂಡಗಿದೆ ಎಂದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಕಾಗದ ಏನೆಂದು ನಾನು ಕೇಳಲಿಲ್ಲ. ಸಂಜೆಗೆ ಅದನ್ನು ಕನ್ನಡಿಯ ಚೌಕಟ್ಟಿಗೆ ಹಾಕಿ ಲಿಫ್ಟಿನ ಪಕ್ಕ ತೂಗುಹಾಕಿದ್ದರು. ಕಟ್ಟಡ ವಾಸಕ್ಕೆ ಕ್ಷೇಮ, ಹೊಗೆ ಇಲ್ಲ, ಪರೀಕ್ಷಿಸಿದವರು ಕಾಳಿಂಗಯ್ಯ. ಓದಿ ಹೇಳಿದ್ದು ರಮೀಜಾ.

ಮನೆಗೆ ಬಂದು ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡೆ. ಹಾಕಿಕೊಂಡವನು ಹಾಗೇ ಕೂತೆ. ಅರವತ್ತೈದು ವರ್ಷದ ಹಿಂದೆ ಹತ್ತಿ ಮಿಲ್ಲಿನ ಗೇಟಿನಲ್ಲಿ ಇದೇ ಥರ ಬೆಲ್ಲ ಕೊಟ್ಟಿದ್ದರು. ಮಿಲ್ಲಿಗೂ ಎರಡು ತಿಂಗಳು ಹೊಗೆ ಬಂದಿತ್ತು, ಮಿಲ್ಲಿನವರೂ ಏನೂ ಮಾಡಿರಲಿಲ್ಲ, ಹೊಗೆ ತಾನಾಗಿ ನಿಂತಿತ್ತು. ನಾವು ಬೆಲ್ಲ ತಿಂದೆವು. ಹನ್ನೊಂದನೇ ದಿನ ಮಿಲ್ಲು ಸುಟ್ಟಿತು, ಒಂದು ಎಳೆ ಹೊಗೆ ಇಲ್ಲದೆ. ಬರಬೇಕಾದ ಹೊಗೆಯೆಲ್ಲ ಬಂದು ಮುಗಿದಿತ್ತು. ಬೆಂಕಿ ಮಾತ್ರ ಬಾಕಿ ಇತ್ತು.

ಶುಕ್ರವಾರ ಬಾಗಿಲು ತೆಗೆಯುವ ಹೊತ್ತಿಗೇ ಜಯದೇವ ಸಾಹೇಬರ ಕಚೇರಿಯಲ್ಲಿದ್ದೆ. ಎಲ್ಲ ಹೇಳಿದೆ.

“ನಿನ್ನೆ ಹೊಗೆ ಇಲ್ಲ ಅಂದಿರಿ. ಸುಳ್ಳು ಹೇಳಿದಿರಾ?”

“ಸುಳ್ಳಲ್ಲ ಸ್ವಾಮಿ.”

“ಇವತ್ತು ಇದೆಯಾ?”

“ಇವತ್ತೂ ಇಲ್ಲ.”

“ಮತ್ತೆ ನಾನು ಏನು ತಿದ್ದಲಿ, ನೀವೇ ಹೇಳಿ.”

“ಹೊಗೆ ಇಲ್ಲ ಅಂತ ಇರೋ ಕಡೆ, ಹೊಗೆ ಮುಗಿದಿದೆ, ಬೆಂಕಿ ಬಾಕಿ ಇದೆ ಅಂತ ಬರೆಯಿರಿ.”

ಅವರು ಆ ಫಾರಮಿನ ನಕಲು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಎರಡೇ ಚೌಕ. ಒಂದು ‘ಇದೆ’, ಒಂದು ‘ಇಲ್ಲ’. “ಮೂರನೇ ಚೌಕ ಮೇಲಿನವರು ಹಾಕಿಕೊಟ್ಟರೆ ನಾನು ತುಂಬಬಲ್ಲೆ ಅಜ್ಜಾರೆ. ಕಾಫಿ ಕುಡೀತೀರಾ?” ಎಂದರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಕಾಫಿಗೆ ಸಕ್ಕರೆ ಎಷ್ಟು ಎಂದೂ ಕೇಳಿದರು.

ಅಲ್ಲಿಂದ ಬಂದು ಮನೆ ಮನೆ ಹತ್ತಿದೆ. ಕೆಲವರು ಬಾಗಿಲಲ್ಲೇ ನಕ್ಕರು. “ಹೊಗೆ ಇದ್ದಾಗ ಬೆಂಕಿ ಬರತ್ತೆ ಅಂದೆ, ಇಲ್ಲದಾಗಲೂ ಬರತ್ತೆ ಅಂತೀಯಲ್ಲ, ನಿನ್ನ ಬಾಯಿಗೆ ರಜಾನೇ ಇಲ್ಲವಾ?” ಅಂದ ಎರಡನೇ ಅಂತಸ್ತಿನವನು. ಹನ್ನೊಂದನೇ ಅಂತಸ್ತಿನ ಪದ್ಮಲತಾ ಟೀಚರು ಮಾತ್ರ ಕೂರಿಸಿ ನೀರು ಕೊಟ್ಟರು. “ಎರಡು ಮೆಟ್ಟಿಲಿದೆ ಬಿಡಿ, ಒಂದಲ್ಲದಿದ್ದರೆ ಇನ್ನೊಂದು,” ಎಂದರು. ಹಿಂದಿನದು ತುಂಬಿದೆ ಅಂದೆ. ವಾಮನಮೂರ್ತಿಗಳು ತೆಗೆಸುತ್ತೀನಿ ಅಂದಿದ್ದಾರೆ ಎಂದರು. ಒಂಬತ್ತು ಮನೆಯವರು ಮಕ್ಕಳನ್ನು ಕರೆದುಕೊಂಡು ನೆಂಟರ ಮನೆಗೆ ಹೋದರು. ಉಳಿದವರು ಆ ಚೌಕಟ್ಟು ತೋರಿಸಿದರು. ನನ್ನ ಹೆಸರನ್ನು ನನಗೇ ತೋರಿಸಿದರು.

ರಮೀಜಾ ನಗಲಿಲ್ಲ. ಮಿಶನ್ನಿನ ಚಕ್ರ ನಿಲ್ಲಿಸಿ ಕೇಳಿದಳು. “ಅಜ್ಜ, ನಮ್ಮ ಮಾವನ್ನ ಇಳಿಸೋಕೆ ನಾಲ್ಕು ಆಳು ಬೇಕು. ನನ್ನ ಅಣ್ಣತಮ್ಮಂದಿರು ಬರೋದು ಮುಂದಿನ ಶುಕ್ರವಾರ. ಅಷ್ಟರೊಳಗೆ ಅಂದರೆ ಮಾರ್ಕೆಟ್ಟಿನ ಹಮಾಲರನ್ನ ಕರೀಬೇಕು. ಹೋದ ಸಲ ಮೇಲಕ್ಕೆ ತರುವಾಗ ಅವರು ಮೆಟ್ಟಿಲಲ್ಲಿ ಮಂಚ ಕುಲುಕಿ, ಮಾವ ನೋವಿಗೆ ಮೂರು ದಿನ ಕಿರುಚಿದರು. ಶುಕ್ರವಾರದ ತನಕ ತಾಳಬಹುದಾ? ದಿನ ಹೇಳಿ.”

ಖಾದರ್ ಸಾಬರು ಮಂಚದಿಂದ ಕೂಗಿದರು, “ಅವನ ಕೇಳು, ಅವನ ತಲೆ ಪಂಚಾಂಗ!”

ನಾನು ಬೆರಳು ಮಡಚಿ ಎಣಿಸಿದೆ. ಗುರುವಾರ ನಿಂತಿದೆ. ಹನ್ನೊಂದು ಅಂದರೆ ಇನ್ನೊಂದು ಸೋಮವಾರ. “ತಾಳಬಹುದು ಕಣಮ್ಮ. ಹನ್ನೊಂದು ದಿನ ಇದೆ. ಶುಕ್ರವಾರ ನಾನೂ ಬಂದು ಮಂಚದ ಒಂದು ಕಾಲು ಹಿಡೀತೀನಿ,” ಎಂದೆ.

ಬುಧವಾರ ಬಂತು ಬೆಂಕಿ. ಹೊಗೆ ನಿಂತ ಆರನೇ ದಿನ, ಮಧ್ಯಾಹ್ನ ಹನ್ನೆರಡೂಕಾಲಿಗೆ.

ವಾಸನೆ ಇಲ್ಲ, ಕಪ್ಪಿಲ್ಲ. ಗಾಜಿನ ಹಾಗೆ ತಿಳಿಯಾದ ಬೆಂಕಿ. ಬೀದಿಯಲ್ಲಿ ನಿಂತವರಿಗೆ ಮೊದಲು ಬಿಸಿಲು ಜಾಸ್ತಿಯಾಗಿದೆ ಅನ್ನಿಸಿತು. ವಯರಿನ ಗೂಡಿನಲ್ಲಿ ಹತ್ತಿಕೊಂಡು, ಪೆಂಡಾಲಿನ ಬಟ್ಟೆ ಹಿಡಿದು, ಹಿಂದಿನ ಮೆಟ್ಟಿಲಿನಲ್ಲಿ, ಕೊಳವೆಯಲ್ಲಿ ಗಾಳಿ ಏರಿದ ಹಾಗೆ, ಮೇಲಕ್ಕೆ ಎದ್ದಿತು. ಮಕ್ಕಳು ಶಾಲೆಯಲ್ಲಿದ್ದರು, ಗಂಡಸರು ಕೆಲಸಕ್ಕೆ ಹೋಗಿದ್ದರು, ಅದೊಂದು ಪುಣ್ಯ. ಇದ್ದವರು ಮುಂದಿನ ಮೆಟ್ಟಿಲಿನಲ್ಲಿ ಚಪ್ಪಲಿ ಗೂಡುಗಳನ್ನು ಎಡವುತ್ತ ಇಳಿದರು. ಯಾರೋ ಕೆಂಪು ಕೊಳವೆಯ ಬಾಯಿ ತಿರುಗಿಸಿದರು. ಉಸ್ ಎಂದು ಗಾಳಿ ಬಂತು, ಜೊತೆಗೆ ಒಂದು ಹಲ್ಲಿ ಬಿತ್ತು.

ರಮೀಜಾ ಹೊಲಿದ ಬ್ಲೌಸು ಕೊಡಲು ಎರಡು ಬೀದಿ ಆಚೆ ಹೋಗಿದ್ದಳು. ಓಡಿ ಬಂದಳು. ಐದನೇ ಅಂತಸ್ತಿನ ತನಕ ಹತ್ತಿದಳು. ಅಲ್ಲಿಂದ ಮೂರು ಜನ ಅವಳನ್ನು ಎಳೆದುಕೊಂಡು ಇಳಿದರು. ನಾನು ಕೆಳಗೆ ನಿಂತಿದ್ದೆ. ಒಂಬತ್ತನೇ ಅಂತಸ್ತಿನಿಂದ ಲೋಹ ಬಡಿದ ಸದ್ದು ಕೇಳಿತು, ಸ್ಪ್ಯಾನರಿನಲ್ಲಿ ಮಂಚದ ಕಂಬಿ ಬಡಿದ ಹಾಗೆ. ಆಮೇಲೆ ಕೇಳಲಿಲ್ಲ.

ಪದ್ಮಲತಾ ಟೀಚರಿಗೆ ಅವತ್ತು ಜ್ವರ, ರಜೆ ಹಾಕಿದ್ದರು. ಅವರು ಹಿಂದಿನ ಮೆಟ್ಟಿಲಿನ ಬಾಗಿಲು ತೆಗೆದಿದ್ದರು. ಸತ್ತವರು ಇಬ್ಬರು.

ತಿಂಗಳ ಮೇಲೆ ಪುರಭವನದಲ್ಲಿ ವಿಚಾರಣೆ ನಡೆಯಿತು. ವಿಚಾರಣೆ ಮಾಡಲು ಹೊರಗಿನಿಂದ ಒಬ್ಬ ಅಧಿಕಾರಿ ಅಮ್ಮನವರು ಬಂದಿದ್ದರು, ಜೊತೆಗೆ ಬರೆದುಕೊಳ್ಳುವ ಗುಮಾಸ್ತ. ಊರೆಲ್ಲ ಸೇರಿತ್ತು. ಕಟ್ಟಿಸಿದವರ ಕಡೆಯವನು, ಕಟ್ಟಡ ಒಪ್ಪಿಸಿದಾಗ ಕೊಳವೆ ಸರಿಯಿತ್ತು ಎಂದು ಕಾಗದ ತೋರಿಸಿದ. ಮಂಡಳಿಯವನು, ಅರ್ಜಿ ಅಪೂರ್ಣವಾಗಿತ್ತು ಎಂದು ಕಾಗದ ತೋರಿಸಿದ. ವಾಮನಮೂರ್ತಿಗಳು ಚೌಕಟ್ಟಿನ ಸಮೇತ ಕ್ಷೇಮದ ಕಾಗದ ತಂದಿದ್ದರು. ಜಯದೇವ ಸಾಹೇಬರು ಅದರ ಮೇಲಿನ ಹೆಸರು ತೋರಿಸಿದರು. ಹಾಗೆ ತಪ್ಪು ಒಬ್ಬರಿಂದ ಒಬ್ಬರಿಗೆ ದಾಟಿ ನನ್ನ ಹತ್ತಿರ ಬಂತು.

“ಈ ಸಹಿ ನಿಮ್ಮದಾ?” ಎಂದು ಅಮ್ಮನವರು ಕೇಳಿದರು.

“ನನ್ನದೇ ತಾಯಿ. ಅವತ್ತು ಹೊಗೆ ಇರಲಿಲ್ಲ. ಹೇಳಿದ್ದು ನಿಜ, ಪೂರ್ತಿ ಅಲ್ಲ. ಮಾರನೇ ದಿನ ಉಳಿದದ್ದು ಹೇಳಲು ಹೋದೆ, ಬರೆದುಕೊಳ್ಳಲು ಜಾಗ ಇಲ್ಲ ಅಂದರು.”

“ಸಾಕು, ಕೂತುಕೊಳ್ಳಿ.”

ನಾನು ಕೂರಲಿಲ್ಲ. “ಇನ್ನೊಂದಿದೆ. ಇದು ಯಾವ ಕಾಗದದಲ್ಲೂ ಇಲ್ಲ. ಹನ್ನೊಂದು ದಿನ ಇದೆ ಅಂತ ಈ ಹೆಣ್ಣುಮಗಳಿಗೆ ನಾನು ಹೇಳಿದೆ. ಅದು ಮಿಲ್ಲಿನ ಲೆಕ್ಕ. ನಾನು ಹುಡುಗನಾಗಿದ್ದಾಗ ಒಂದೇ ಒಂದು ಸಲ ನೋಡಿದ್ದು. ಒಂದು ಸಲ ನೋಡಿದ್ದನ್ನ ನಿಯಮ ಅಂತ ಹೇಳಿಬಿಟ್ಟೆ. ನಾನು ಹಾಗೆ ಹೇಳದಿದ್ದರೆ ಇವಳು ಅವತ್ತೇ ಹಮಾಲರನ್ನ ಕರೀತಿದ್ದಳು. ಖಾದರ್ ಸಾಬರು ನೋವಿಗೆ ಕಿರುಚುತ್ತಿದ್ದರು. ಕಿರುಚೋಕೆ ಇರುತ್ತಿದ್ದರು.”

ಅಮ್ಮನವರು ಕನ್ನಡಕ ತೆಗೆದರು. “ಯಜಮಾನರೇ, ಅದು ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮ ಮೇಲೆ ಯಾರೂ ಆ ದೂರು ಕೊಟ್ಟಿಲ್ಲ.” ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದ.

ರಮೀಜಾ ಎದ್ದು ನಿಂತಳು. ಮನೆ ಸುಟ್ಟ ಮೇಲೆ ಯಾರೋ ಕೊಟ್ಟ ಸೀರೆ, ಬಣ್ಣ ಅವಳದಲ್ಲ. “ಬರೀರಿ ಸ್ವಾಮಿ,” ಎಂದಳು ಗುಮಾಸ್ತನಿಗೆ. “ಬೆಳಗಿನಿಂದ ಕೂತಿದ್ದೀನಿ. ಮಂಡಳಿ ಅಂದರು, ಸಂಘ ಅಂದರು, ಇಲಾಖೆ ಅಂದರು. ನಾನು ಅಂತ ಅಂದವರು ಇವರೊಬ್ಬರೇ. ಅದನ್ನೂ ಬರೆಯಲ್ಲ ಅಂದರೆ ಆ ಪುಸ್ತಕ ಯಾಕೆ ತಂದಿರಿ?”

ಗುಮಾಸ್ತ ಅಮ್ಮನವರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬರೆದ. ಬರೆಯುವ ಸದ್ದು ಹಿಂದಿನ ಸಾಲಿನವರಿಗೂ ಕೇಳಿತಂತೆ.

ಆಮೇಲೆ ವಾಮನಮೂರ್ತಿಗಳು ಎದ್ದರು. “ಪೆಂಡಾಲಿನ ಬಟ್ಟೆ ಇಡಿಸಿದ್ದು ನಾನು. ಪದ್ಮಲತಾ ಟೀಚರು ಎರಡು ಸಲ ತೆಗೆಸಿ ಅಂದರು. ಬರುವ ಗಣಪತಿ ಹಬ್ಬ ಕಳೆಯಲಿ ಅಂದೆ. ನಾನು ಅಂದೆ,” ಎಂದರು. ಕೊನೆಯ ಮಾತನ್ನು ಯಾರೂ ಕೇಳದಿದ್ದರೂ ಇನ್ನೊಂದು ಸಲ ಹೇಳಿದರು. ನಾಲ್ಕನೇ ಅಂತಸ್ತಿನವಳೊಬ್ಬಳು ಪರದೆಯ ವಿಷಯ ಹೇಳಿದಳು. ಎರಡನೇ ಅಂತಸ್ತಿನವನು ಚಪ್ಪಲಿ ಗೂಡಿನ ವಿಷಯ ಹೇಳಿ ಅತ್ತ. ಕೊಳವೆಗೆ ಬಣ್ಣ ಬಳಿದ ಪೇಂಟರು, ಒಳಗೆ ನೀರಿಲ್ಲದ್ದು ನನಗೆ ಗೊತ್ತಿತ್ತು ಎಂದ. ಗುಮಾಸ್ತನಿಗೆ ಎರಡು ಸಲ ಹಾಳೆ ತರಿಸಿಕೊಡಬೇಕಾಯಿತು.

ಕಟ್ಟಿಸಿದವರ ಕಡೆಯವನು ಏಳಲಿಲ್ಲ. ಮಂಡಳಿಯವನು ಏಳಲಿಲ್ಲ. ಜಯದೇವ ಸಾಹೇಬರು ಒಮ್ಮೆ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಪಕ್ಕದಲ್ಲಿದ್ದ ವಕೀಲರು ಅವರ ಮೊಣಕೈ ಮುಟ್ಟಿದರು. ಕೂತರು. ಅವರು ಎದ್ದಿದ್ದರೆ ಏನು ಹೇಳುತ್ತಿದ್ದರೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಆ ಪುಸ್ತಕ ರಾಜಧಾನಿಗೆ ಹೋಯಿತು. ಅದರಿಂದ ಇನ್ನೂ ಏನೂ ಬಂದಿಲ್ಲ. ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು. ಒಂದು ಶನಿವಾರ ಹಾರ ಹಾಕಿಸಿಕೊಂಡು ಹೊರಟರು. ನನ್ನ ಬೀದಿಯಲ್ಲಿ ಜೀಪು ಹಾಯುವಾಗ ಗಾಜು ಇಳಿಸಿದರು, ಮತ್ತೆ ಏರಿಸಿದರು. ಫಾರಮಿನಲ್ಲಿ ಈಗಲೂ ಎರಡೇ ಚೌಕ. ಆದರೆ ನಾನು ಹೆಸರು ಬರೆಯುವುದನ್ನು ಬಿಟ್ಟಿದ್ದೇನೆ. ಕರೆದ ಕಡೆ ಹೋಗಿ ಮೂಸುತ್ತೇನೆ, ಎಲ್ಲರ ಎದುರಿಗೆ ಬಾಯಲ್ಲಿ ಹೇಳುತ್ತೇನೆ, ಹೇಳಿದ್ದು ಮುಗಿಯುವ ತನಕ ಯಾರನ್ನೂ ಏಳಗೊಡುವುದಿಲ್ಲ. ಊರಿನವರೂ ಒಂದು ಕಲಿತಿದ್ದಾರೆ. ಹೊಗೆ ನಿಂತರೆ, ಯಾಕೆ ನಿಂತಿತು ಎಂದು ಮೊದಲು ಕೇಳುತ್ತಾರೆ. ಏನು ಸರಿ ಮಾಡಿದಿರಿ, ಯಾರು ಮಾಡಿದಿರಿ ಎಂದು ಹೆಸರು ಹಿಡಿದು ಕೇಳಿ, ಆಮೇಲೆ ಬೆಲ್ಲಕ್ಕೆ ಕೈ ಚಾಚುತ್ತಾರೆ.

ರಮೀಜಾ ತನ್ನ ಅಣ್ಣತಮ್ಮಂದಿರ ಊರಿಗೆ ಹೋಗುವುದು ಎಂದಾಯಿತು. ನಾಲ್ವರೂ ಬಂದಿದ್ದರು, ಗಟ್ಟಿ ಆಳುಗಳು. ಹೊರಲು ಯಾರೋ ಕೊಟ್ಟ ಒಂದು ಹಳೆಯ ಮಿಶನ್ನು, ಎರಡು ಗಂಟು ಬಿಟ್ಟರೆ ಅವರಿಗೆ ಏನೂ ಇರಲಿಲ್ಲ. ನಾನು ಬಸ್ಸಿನ ಹತ್ತಿರ ನಿಂತೆ. ಕ್ಷಮಿಸು ಎಂದು ಕೇಳಬೇಕೆಂದಿದ್ದೆ. ಕೇಳಿದರೆ ಅವಳು ಏನಾದರೂ ಕೊಡಬೇಕಾಗುತ್ತದೆ, ಅವಳ ಹತ್ತಿರ ಇರುವುದೇ ಎರಡು ಗಂಟು ಎಂದು ಸುಮ್ಮನಾದೆ.

ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತು ಅವಳೇ ಕರೆದಳು.

“ಅಜ್ಜ, ಮುಂದೆ ಯಾರಾದರೂ ನಿಮ್ಮನ್ನ ದಿನ ಕೇಳಿದರೆ...”

“ಹೇಳಮ್ಮ.”

“ಗೊತ್ತಿಲ್ಲ ಅನ್ನಿ. ಈಗಲೇ ಇಳೀರಿ ಅನ್ನಿ.”

ಹೂಂ ಅಂದೆ. ಬಸ್ಸು ಹೊರಟಿತು. ಅವಳು ಹೋದದ್ದು ಶುಕ್ರವಾರ.